ಕಸೂತಿಯ ಸೂಜಿ, ಕಾಲಿನ ನಾಳ

1894ರ ಜೂನ್ 24ರ ರಾತ್ರಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ ನಡೆಯುತ್ತಿದ್ದ ವಸ್ತುಪ್ರದರ್ಶನದ ಔತಣಕೂಟ ಮುಗಿಸಿ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಸಾರೋಟಿನಲ್ಲಿ ಹೊರಟಿದ್ದರು. ಜನಜಂಗುಳಿಯ ನಡುವಿನಿಂದ ನುಗ್ಗಿ ಬಂದ ಇಟಲಿಯ ತರುಣ ಅರಾಜಕತಾವಾದಿಯೊಬ್ಬ ಅವರ ಹೊಟ್ಟೆಗೆ ಚೂರಿ ಹಾಕಿದ. ಊರಿನ ಹೆಸರಾಂತ ಶಸ್ತ್ರವೈದ್ಯರು ಓಡಿಬಂದರು. ಚೂರಿ ಯಕೃತ್ತನ್ನು ಸೀಳಿ, ಅದಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಕೊಯ್ದಿತ್ತು. ಗಾಯಕ್ಕೆ ಬಟ್ಟೆ ತುರುಕಿ ಒತ್ತಿ ಹಿಡಿಯುವುದನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅಧ್ಯಕ್ಷರ ಪ್ರಾಣ ಹೋಯಿತು.

ಇಡೀ ಫ್ರಾನ್ಸ್ ಕೊಲೆಗಾರನನ್ನು ಶಪಿಸುತ್ತಿದ್ದಾಗ, ಅದೇ ಊರಿನ ವೈದ್ಯಕೀಯ ವಿದ್ಯಾರ್ಥಿಯೊಬ್ಬನಿಗೆ ಬೇರೆಯದೇ ಯೋಚನೆ ಹತ್ತಿತು. ಅವನ ಹೆಸರು ಅಲೆಕ್ಸಿಸ್ ಕರೆಲ್. ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಹರಿದ ಬಟ್ಟೆಯನ್ನು ಹೊಲಿಯಬಹುದು, ಹರಿದ ಚರ್ಮವನ್ನೂ ಹೊಲಿಯಬಹುದು ಎಂದಾದರೆ ಹರಿದ ರಕ್ತನಾಳವನ್ನೇಕೆ ಹೊಲಿಯಬಾರದು? ಹೊಲಿಯಲು ಬಂದಿದ್ದರೆ ಕಾರ್ನೋ ಬದುಕುತ್ತಿದ್ದರು ಎಂಬುದು ಅವನ ವಾದವಾಗಿತ್ತು.

ಇಂದು ಕಾಲಿನ ರಕ್ತನಾಳ ಕಟ್ಟಿಕೊಂಡ ರೋಗಿಯೊಬ್ಬ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ, ಕಾಲನ್ನು ಉಳಿಸಿಕೊಂಡು ಮನೆಗೆ ಮರಳಿದರೆ ಅದರ ಹಿಂದೆ ಈ ಪ್ರಶ್ನೆಯಿದೆ. ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೂ ಅದು ರೋಗಿಯ ಹಾಸಿಗೆಯವರೆಗೆ ಬರಲು ಅರ್ಧ ಶತಮಾನ ಹಿಡಿಯಿತು. ವಿದ್ಯೆ ಹುಟ್ಟುವುದು ಬೇರೆ, ಅದು ಹೊತ್ತಿಗೆ ಸರಿಯಾಗಿ ಬೇಕಾದವನನ್ನು ತಲುಪುವುದು ಬೇರೆ. ರಕ್ತನಾಳದ ಶಸ್ತ್ರಚಿಕಿತ್ಸೆಯ ಚರಿತ್ರೆ ಇದನ್ನು ಹೇಳುವಷ್ಟು ಸ್ಪಷ್ಟವಾಗಿ ವೈದ್ಯಶಾಸ್ತ್ರದ ಇನ್ನಾವ ಅಧ್ಯಾಯವೂ ಹೇಳಲಾರದು.

ಕಟ್ಟುವ ಕಾಲ

ನಮ್ಮ ದೇಹದಲ್ಲಿ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳಗಳಿಗೆ ಅಪಧಮನಿಗಳೆಂದೂ ಅದನ್ನು ಮರಳಿ ತರುವ ನಾಳಗಳಿಗೆ ಅಭಿಧಮನಿಗಳೆಂದೂ ಹೆಸರು. ಕೆರೆಯಿಂದ ಗದ್ದೆಗೆ ನೀರು ಹೋಗುವ ಕಾಲುವೆ ಮುಚ್ಚಿದರೆ ಕೊನೆಯ ಮಡಿಯ ಪೈರು ಮೊದಲು ಒಣಗುತ್ತದೆ. ಹಾಗೆಯೇ ಕಾಲಿನ ಅಪಧಮನಿ ಕಟ್ಟಿಕೊಂಡರೆ ಮೊದಲು ಕಪ್ಪಾಗುವುದು ಬೆರಳಿನ ತುದಿ. ಈ ಕೊಳೆತಕ್ಕೆ ಗ್ಯಾಂಗ್ರಿನ್ ಎನ್ನುತ್ತಾರೆ. ಅದು ಮೇಲಕ್ಕೆ ಹಬ್ಬದಂತೆ ಕಾಲನ್ನೇ ತೆಗೆಯುವುದು ಶತಮಾನಗಳ ಕಾಲ ಉಳಿದಿದ್ದ ಒಂದೇ ದಾರಿ.

ಹರಿಯುವ ರಕ್ತವನ್ನು ನಿಲ್ಲಿಸುವುದು ಹೇಗೆಂಬುದನ್ನು ಪ್ರಾಚೀನರು ಗಂಭೀರವಾಗಿ ಯೋಚಿಸಿದ್ದರು. ಸುಶ್ರುತ ಸಂಹಿತೆ ಇದಕ್ಕೆ ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳನ್ನು ಹೇಳುತ್ತದೆ. ಒಗರು ಕಷಾಯದಿಂದ ಗಾಯವನ್ನು ಕೂಡಿಸುವುದು, ತಂಪಿನಿಂದ ರಕ್ತವನ್ನು ಗಟ್ಟಿಮಾಡುವುದು, ಬೂದಿ ಹಾಕುವುದು, ಉಳಿದದ್ದೇನೂ ಫಲಿಸದಿದ್ದರೆ ಸುಟ್ಟು ನಾಳವನ್ನು ಮುದುಡಿಸುವುದು. ಯೂರೋಪಿನಲ್ಲೂ ಕಾದ ಕಬ್ಬಿಣದ ಬರೆಯೇ ಬಹುಕಾಲ ಆಳಿತು. ಅಲ್ಲಿ ಆ ಕ್ರೌರ್ಯವನ್ನು ತಗ್ಗಿಸಿದವರಲ್ಲಿ ಪ್ರಮುಖ, ಕ್ಷೌರಿಕ ವೃತ್ತಿಯಿಂದ ಶಸ್ತ್ರವೈದ್ಯನಾಗಿ ಬೆಳೆದ ಫ್ರಾನ್ಸಿನ ಆಂಬ್ರೋಯಿಸ್ ಪಾರೆ. 1552ರಲ್ಲಿ ದಾಂವಿಲೆ ಎಂಬಲ್ಲಿನ ಮುತ್ತಿಗೆಯ ಸಮಯದಲ್ಲಿ ಅವನು ಸೈನಿಕನೊಬ್ಬನ ಕಾಲು ಕತ್ತರಿಸಿದ ಮೇಲೆ ಬರೆ ಹಾಕದೆ, ನಾಳದ ಬಾಯಿಗಳನ್ನು ದಾರದಿಂದ ಗಂಟು ಹಾಕಿ ಬಿಗಿದ.

ಗಂಟು ಹಾಕುವುದರಿಂದ ಪ್ರಾಣ ಉಳಿಯಿತು ನಿಜ. ಆದರೆ ಕಾಲು? ಮುಖ್ಯ ನಾಳವನ್ನೇ ಬಿಗಿದ ಮೇಲೆ ಕೆಳಗಿನ ಭಾಗಕ್ಕೆ ರಕ್ತ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಅಚ್ಚರಿಯ ಉತ್ತರ ಕೊಟ್ಟವನು ಲಂಡನ್ನಿನ ಜಾನ್ ಹಂಟರ್. 1785ರ ಡಿಸೆಂಬರಿನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಗೆ 45 ವರ್ಷದ ಗಾಡಿ ಹೊಡೆಯುವವನೊಬ್ಬ ಬಂದ. ಅವನ ಮಂಡಿಯ ಹಿಂದೆ ಅಪಧಮನಿ ಬಲೂನಿನಂತೆ ಉಬ್ಬಿತ್ತು. ಅದು ಒಡೆದರೆ ಸಾವು. ಅದಕ್ಕಾಗಿ ಕಾಲು ತೆಗೆದರೂ ಬದುಕುವ ಭರವಸೆ ಕಡಮೆ. ಹಂಟರ್ ಉಬ್ಬನ್ನು ಮುಟ್ಟಲಿಲ್ಲ. ಮೇಲೆ ತೊಡೆಯಲ್ಲೇ ನಾಳವನ್ನು ಬಿಗಿದ. ಕಾಲು ಕೊಳೆಯಲಿಲ್ಲ. ಆರು ವಾರಕ್ಕೆ ರೋಗಿ ಆಸ್ಪತ್ರೆ ಬಿಟ್ಟು ಹೋದ. ಮುಖ್ಯ ಕಾಲುವೆ ಮುಚ್ಚಿದರೆ ಅಕ್ಕಪಕ್ಕದ ಸಣ್ಣ ಕಾಲುವೆಗಳು ಹಿಗ್ಗಿ ನೀರು ಸಾಗಿಸುವಂತೆ, ದೇಹವೂ ಬದಲಿ ದಾರಿ ಮಾಡಿಕೊಳ್ಳುತ್ತದೆ ಎಂಬುದನ್ನು ಹಂಟರ್ ನಂಬಿದ್ದ. ಆದರೆ ಈ ಬದಲಿ ದಾರಿ ಬೆಳೆಯಲು ಕಾಲಾವಕಾಶ ಬೇಕು. ಗುಂಡೇಟಿನಿಂದಲೋ ಅಪಘಾತದಿಂದಲೋ ಒಮ್ಮೆಲೇ ನಾಳ ಹರಿದವನಿಗೆ ಆ ಅವಕಾಶವಿಲ್ಲ.

ಹಾಗಾದರೆ ಯಾರೂ ಹೊಲಿಯಲು ಯತ್ನಿಸಿರಲಿಲ್ಲವೆ? ಯತ್ನಿಸಿದ್ದರು. 1759ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿ ಹ್ಯಾಲೊವೆಲ್ ಎಂಬ ಶಸ್ತ್ರವೈದ್ಯ, ರಕ್ತ ತೆಗೆಯುವಾಗ ಆಕಸ್ಮಿಕವಾಗಿ ಗಾಯಗೊಂಡ ತೋಳಿನ ಅಪಧಮನಿಯನ್ನು ಗಂಟು ಹಾಕಿ ಮುಚ್ಚದೆ, ಗಾಯದ ಎರಡು ಅಂಚುಗಳಿಗೂ ಸಣ್ಣ ಪಿನ್ನು ಚುಚ್ಚಿ ಸುತ್ತ ದಾರ ಸುತ್ತಿ ಕೂಡಿಸಿದ. ಕುದುರೆಗಳ ಗಾಯ ಮುಚ್ಚುವವರು ಬಳಸುತ್ತಿದ್ದ ಉಪಾಯ ಅದು. ಕೈ ಉಳಿಯಿತು. ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಲ್ಲ, ದೂರದ ಪಟ್ಟಣದಲ್ಲಿ ಈ ಕೆಲಸ ಆದದ್ದು ಗಮನಾರ್ಹ. ಆದರೆ ಮುಂದೆ ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ ನಾಳಗಳೆಲ್ಲ ಹೆಪ್ಪುಗಟ್ಟಿ ಮುಚ್ಚಿಹೋದವು. ನಾಳವನ್ನು ಹೊಲಿಯುವುದು ಆಗದ ಮಾತು ಎಂಬ ತೀರ್ಪು ಬಿದ್ದು, ನೂರು ವರ್ಷಕ್ಕೂ ಮಿಕ್ಕಿ ಆ ದಾರಿ ಹಾಳುಬಿತ್ತು.

ರೇಷ್ಮೆ ನಗರದ ಪಾಠ

ಸಮಸ್ಯೆ ಇದ್ದದ್ದು ನಾಳದ ಒಳಮೈಯಲ್ಲಿ. ಅದು ಕನ್ನಡಿಯಷ್ಟು ನಯವಾಗಿರುವವರೆಗೆ ರಕ್ತ ಸರಾಗವಾಗಿ ಹರಿಯುತ್ತದೆ. ಒರಟು ಸೂಜಿ ಚುಚ್ಚಿದ ಕಡೆ, ದಪ್ಪ ದಾರ ಒಳಗೆ ಇಣುಕಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ವೈದ್ಯರ ಬಳಿ ಇದ್ದ ಸೂಜಿಗಳು ಚರ್ಮ ಹೊಲಿಯುವ ಸೂಜಿಗಳು.

ಕರೆಲ್ ಹುಟ್ಟಿ ಬೆಳೆದ ಲಿಯೋನ್ ಯೂರೋಪಿನ ರೇಷ್ಮೆಯ ರಾಜಧಾನಿ. ಜಕಾರ್ಡ್ ಮಗ್ಗಕ್ಕೆ ಹೆಸರು ಕೊಟ್ಟ ಜಕಾರ್ ಅದೇ ಊರಿನವನು. ಕರೆಲ್‌ನ ತಂದೆಯೂ ಜವಳಿ ಉದ್ಯಮಿ. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡವನು. ಹೀಗಾಗಿ ತನಗೆ ಬೇಕಾದ ವಿದ್ಯೆ ಎಲ್ಲಿದೆ ಎಂಬುದು ಕರೆಲ್‌ಗೆ ಗೊತ್ತಿತ್ತು. ಅವನು ವೈದ್ಯರ ಬಳಿಗಲ್ಲ, ಊರಿನ ಹೆಸರಾಂತ ಕಸೂತಿಗಾರ್ತಿ ಮದಾಂ ಲೆರೂದಿಯೆ ಬಳಿಗೆ ಹೋದ. ಕೂದಲಿನಂಥ ಸೂಜಿಯನ್ನು ಹಿಡಿಯುವ ಬಗೆ, ಬಟ್ಟೆಗೆ ನೋವಾಗದಂತೆ ಎಳೆ ತೆಗೆಯುವ ಬಗೆಯನ್ನು ಆಕೆಯಿಂದ ಕಲಿತ. ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ಹತ್ತಿರದಿಂದ ಕಂಡವರಿಗೆ ಇದರ ಅರ್ಥ ಬೇಗ ಆದೀತು. ಗಂಟು ಕಾಣಬಾರದು, ಎರಡು ಮಗ್ಗುಲೂ ಒಂದೇ ರೀತಿ ಇರಬೇಕು ಎಂಬ ಗವಂತಿಯ ಶಿಸ್ತು ಅಲ್ಲಿಯದು. ರಕ್ತನಾಳ ಬೇಡುವುದೂ ಹೆಚ್ಚುಕಡಮೆ ಅದೇ ಶಿಸ್ತನ್ನು.

1902ರಲ್ಲಿ ಕರೆಲ್ ತನ್ನ ವಿಧಾನವನ್ನು ಲಿಯೋನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರ ಜೀವಾಳ ಬಲು ಸರಳ. ಎರಡು ಕೊಳವೆಗಳ ದುಂಡನೆಯ ಬಾಯಿಗಳನ್ನು ಜೋಡಿಸಿ ಹೊಲಿಯುವುದು ಕಷ್ಟ. ಸೂಜಿ ಎದುರು ಗೋಡೆಗೆ ಸಿಕ್ಕಿಕೊಳ್ಳುತ್ತದೆ, ಹೊಲಿಗೆ ಬಿಗಿದಂತೆ ಬಾಯಿ ಮುದುಡುತ್ತದೆ. ಕರೆಲ್ ಸಮ ಅಂತರದಲ್ಲಿ ಮೂರು ಹೊಲಿಗೆ ಹಾಕಿ ಮೂರನ್ನೂ ಹೊರಕ್ಕೆ ಎಳೆದು ಹಿಡಿದ. ದುಂಡಗಿದ್ದ ಬಾಯಿ ತ್ರಿಕೋನವಾಯಿತು. ಈಗ ಹೊಲಿಯಬೇಕಾದದ್ದು ಮೂರು ನೇರ ಗೆರೆಗಳನ್ನು, ಅಷ್ಟೆ. ಸೂಜಿಗೂ ದಾರಕ್ಕೂ ವ್ಯಾಸಲೀನ್ ಸವರಿದ್ದರಿಂದ ಚುಚ್ಚಿದ ಕಡೆ ರಕ್ತ ಅಂಟುವುದು ಕಡಮೆಯಾಯಿತು.

ಲಿಯೋನಿನಲ್ಲಿ ಅವನಿಗೆ ಆಸ್ಪತ್ರೆಯ ಹುದ್ದೆ ದೊರೆಯಲಿಲ್ಲ. 1904ರಲ್ಲಿ ಊರು ಬಿಟ್ಟು ಕೆನಡಾಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋದ. ಷಿಕಾಗೋದಲ್ಲಿ ಚಾರ್ಲ್ಸ್ ಗತ್ರಿ ಎಂಬ ವಿಜ್ಞಾನಿಯ ಜೊತೆಗೂಡಿ ನಾಳಗಳನ್ನು ಮಾತ್ರವಲ್ಲ, ಪ್ರಾಣಿಗಳ ಮೂತ್ರಪಿಂಡವನ್ನೇ ಕಸಿ ಮಾಡಿದ. 1912ರ ನೊಬೆಲ್ ಪ್ರಶಸ್ತಿ ಕರೆಲ್‌ಗೆ ಸಂದಿತು. ಮುಂದೆ ಅವನು ಮನುಷ್ಯರಲ್ಲಿ ಮೇಲು ಕೀಳು ತಳಿಗಳನ್ನು ಎಣಿಸುವ ವಿಚಾರಗಳನ್ನು ಬರೆದು ಹೆಸರು ಕೆಡಿಸಿಕೊಂಡದ್ದೂ ಚರಿತ್ರೆಯಲ್ಲಿ ದಾಖಲಾಗಿದೆ. ಅವನ ಹೊಲಿಗೆ ಮಾತ್ರ ಅವನ ವಿಚಾರಗಳಿಗಿಂತ ಗಟ್ಟಿಯಾಗಿತ್ತು.

ಐವತ್ತು ವರ್ಷಗಳ ವಿಳಂಬ

ವಿದ್ಯೆ ಸಿದ್ಧವಾಗಿತ್ತು, ಪ್ರಶಸ್ತಿಯೂ ಬಂತು. ಆದರೂ ಆಸ್ಪತ್ರೆಗಳಲ್ಲಿ ಕಾಲು ಕತ್ತರಿಸುವುದು ನಿಲ್ಲಲಿಲ್ಲ. ಕಾರಣಗಳು ಹಲವು. ನಾಳ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಚರ್ಮದ ಹೊರಗಿನಿಂದ ನೋಡುವ ಉಪಾಯವಿರಲಿಲ್ಲ. ಬಣ್ಣದಂಥ ದ್ರವವನ್ನು ನಾಳಕ್ಕೆ ಸೇರಿಸಿ ಎಕ್ಸ್‌ರೇ ತೆಗೆಯುವ ಕ್ರಮ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ರೂಪುಗೊಂಡದ್ದು 1927ರಿಂದ ಈಚೆಗೆ. ಮೊದಲು ಮಿದುಳಿನ ನಾಳಗಳಿಗೆ, 1929ರಲ್ಲಿ ಹೊಟ್ಟೆಯ ಮಹಾಪಧಮನಿಗೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಪತ್ತೆಯಾದದ್ದು 1916ರಲ್ಲಿ. ಅದು ರೋಗಿಗಳಿಗೆ ಕೊಡುವಷ್ಟು ಶುದ್ಧವಾಗಿ ಸಿಕ್ಕಿದ್ದು 1930ರ ದಶಕದಲ್ಲಿ. ಕೀವು ತಡೆಯುವ ಪೆನಿಸಿಲಿನ್ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ.

ಆದರೆ ಇವೆಲ್ಲ ಇದ್ದಾಗಲೂ ಸಾಕಾಗಲಿಲ್ಲ ಎಂಬುದಕ್ಕೆ ಆ ಯುದ್ಧವೇ ಸಾಕ್ಷಿ. ಮೈಕೆಲ್ ಡಿಬೇಕಿ ಮತ್ತು ಫಿಯೊರಿಂದೊ ಸಿಮಿಯೋನ್ ಎಂಬ ಶಸ್ತ್ರವೈದ್ಯರು 1946ರಲ್ಲಿ ಅಮೆರಿಕದ ಸೈನಿಕರ 2471 ಅಪಧಮನಿ ಗಾಯಗಳ ಲೆಕ್ಕವನ್ನು ಪ್ರಕಟಿಸಿದರು. ಅವುಗಳಲ್ಲಿ ಹೊಲಿದು ಸರಿಪಡಿಸಿದ್ದು ಕೇವಲ 81. ಉಳಿದವರಲ್ಲಿ ಬಹುತೇಕರಿಗೆ ಪಾರೆಯ ಕಾಲದ ಹಾಗೆಯೇ ಗಂಟು. ಹಾಗೆ ಗಂಟು ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧ ಮಂದಿ ಕೈ ಅಥವಾ ಕಾಲು ಕಳೆದುಕೊಂಡರು. ವೈದ್ಯರಿಗೆ ಹೊಲಿಗೆ ಗೊತ್ತಿರಲಿಲ್ಲವೆಂದಲ್ಲ. ಗಾಯಗೊಂಡವನು ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವಷ್ಟರಲ್ಲಿ ಸರಾಸರಿ ಹತ್ತು ಗಂಟೆಗೂ ಹೆಚ್ಚು ಕಳೆದಿರುತ್ತಿತ್ತು. ರಕ್ತವಿಲ್ಲದೆ ಕಾಲಿನ ಸ್ನಾಯು ತಾಳಿಕೊಳ್ಳುವುದು ಸುಮಾರು ಆರು ಗಂಟೆ. ಅದು ದಾಟಿದ ಮೇಲೆ ಎಷ್ಟು ನಾಜೂಕಾಗಿ ಹೊಲಿದರೂ ಸತ್ತ ಸ್ನಾಯುವಿಗೆ ಜೀವ ಬಾರದು.

1950ರಿಂದ 1953ರವರೆಗೆ ಕೊರಿಯಾದಲ್ಲಿ ನಡೆದ ಯುದ್ಧದಲ್ಲಿ ಈ ಲೆಕ್ಕ ತಿರುವುಮುರುವಾಯಿತು. ರಣರಂಗದ ಸಮೀಪದಲ್ಲೇ ಡೇರೆಗಳಲ್ಲಿ ಸಂಚಾರಿ ಆಸ್ಪತ್ರೆಗಳನ್ನು ಹೂಡಲಾಯಿತು. ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ಸಾಗಿಸಲಾಯಿತು. ಯುದ್ಧದ ಆರಂಭದಲ್ಲಿ ಅಲ್ಲೂ ಗಂಟು ಹಾಕುವುದೇ ರೂಢಿಯಾಗಿತ್ತು. ಕೆಲವು ತರುಣ ವೈದ್ಯರು ರೂಢಿ ಬಿಟ್ಟು ಹೊಲಿಯತೊಡಗಿದರು. ಪರಿಣಾಮವಾಗಿ, ಅಂಗ ಕಳೆದುಕೊಳ್ಳುವವರ ಪ್ರಮಾಣ ಶೇಕಡಾ 13ಕ್ಕೆ ಇಳಿಯಿತು. ರಕ್ತದಾನ, ಔಷಧಿಗಳೂ ಇದಕ್ಕೆ ನೆರವಾದವು. ಆದರೆ ಎಲ್ಲಕ್ಕಿಂತ ಮುಖ್ಯವಾಗಿ, ಸೂಜಿ ಹಿಡಿದ ಕೈ ಗಾಯಾಳುವಿನ ಹತ್ತಿರಕ್ಕೆ ಬಂದಿತ್ತು.

ಬಟ್ಟೆ, ಕೈಗವಸು, ನಳಿಗೆ

ಯುದ್ಧದ ಗಾಯ ಒಂದು ಬಗೆಯಾದರೆ, ವಯಸ್ಸು, ತಂಬಾಕು, ಸಕ್ಕರೆ ಕಾಯಿಲೆಗಳಿಂದ ನಾಳದೊಳಗೆ ಕೊಬ್ಬು ಸುಣ್ಣ ಕಟ್ಟುವುದು ಇನ್ನೊಂದು ಬಗೆ. ಇಲ್ಲಿ ಹರಿದದ್ದನ್ನು ಹೊಲಿದರೆ ಸಾಲದು. ಮುಚ್ಚಿದ ದಾರಿಗೆ ಬದಲಿ ದಾರಿ ಬೇಕು. 1948ರಲ್ಲಿ ಪ್ಯಾರಿಸ್ಸಿನ ಜಾನ್ ಕುನ್ಲಿನ್ ಎಂಬ ವೈದ್ಯ, ರೋಗಿಯ ಕಾಲಿನಿಂದಲೇ ಉದ್ದನೆಯ ಅಭಿಧಮನಿಯನ್ನು ಬಿಡಿಸಿ, ಕಟ್ಟಿಕೊಂಡ ಭಾಗದ ಮೇಲೊಂದು ಕಡೆ ಕೆಳಗೊಂದು ಕಡೆ ಹೊಲಿದ. ಊರೊಳಗಿನ ರಸ್ತೆ ಇಕ್ಕಟ್ಟಾದಾಗ ಊರ ಹೊರಗೆ ಬೈಪಾಸ್ ರಸ್ತೆ ಹಾಕುವ ಹಾಗೆ. ಈ ಅಭಿಧಮನಿಯೊಳಗೆ ರಕ್ತ ಹೃದಯದ ಕಡೆಗೆ ಮಾತ್ರ ಹರಿಯುವಂತೆ ಕವಾಟಗಳಿರುತ್ತವೆ. ಆದ್ದರಿಂದ ಅದನ್ನು ತಲೆಕೆಳಗು ಮಾಡಿ ಹೊಲಿಯಬೇಕು. ಇಂದಿಗೂ ಕಾಲಿನ ಬೈಪಾಸ್‌ಗೆ ರೋಗಿಯ ಸ್ವಂತ ಅಭಿಧಮನಿಯಷ್ಟು ಒಳ್ಳೆಯ ನಾಳ ಇನ್ನೊಂದಿಲ್ಲ.

ಆದರೆ ಹೊಟ್ಟೆಯ ಮಹಾಪಧಮನಿಯಂಥ ದಪ್ಪ ನಾಳಕ್ಕೆ ದೇಹದಲ್ಲಿ ಬದಲಿ ಸಿಗದು. ಇಲ್ಲಿ ಮತ್ತೆ ಜವಳಿ ನೆರವಿಗೆ ಬಂತು. ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್ ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ದಾರದ ಮೇಲೆ ನಯವಾದ ಪೊರೆ ಬೆಳೆದದ್ದನ್ನು ಕಂಡು, ಬಟ್ಟೆಯಿಂದಲೇ ನಾಳ ಮಾಡಿದರೆ ಹೇಗೆಂದು ಯೋಚಿಸಿದ. ರೇಷ್ಮೆಯ ಕರವಸ್ತ್ರದಿಂದ ಶುರುವಾದ ಪ್ರಯೋಗ ವಿನ್ಯಾನ್ ಎಂಬ ಕೃತಕ ಬಟ್ಟೆಯ ಕೊಳವೆಗೆ ಬಂದು ನಿಂತಿತು. 1952ರಲ್ಲಿ ಅದರ ಫಲ ಪ್ರಕಟವಾಯಿತು. ಇತ್ತ ಹ್ಯೂಸ್ಟನ್‌ನಲ್ಲಿದ್ದ ಡಿಬೇಕಿ ಅಂಗಡಿಗೆ ಹೋಗಿ ನೈಲಾನ್ ಬಟ್ಟೆ ಕೇಳಿದಾಗ ಅದು ಮುಗಿದಿತ್ತಂತೆ; ಅಂಗಡಿಯವರು ಹೊಸದಾಗಿ ಬಂದಿದ್ದ ಡೇಕ್ರಾನ್ ಕೊಟ್ಟರು. ಅದನ್ನು ಮನೆಗೆ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ತಾನೇ ಕೊಳವೆಯಾಗಿ ಹೊಲಿದ. ಹುಡುಗನಾಗಿದ್ದಾಗ ತಾಯಿ ಕಲಿಸಿದ್ದ ಹೊಲಿಗೆ ಅದು. ಡೇಕ್ರಾನ್ ನಾಳಗಳು ಮುಂದೆ ಪ್ರಪಂಚದ ಎಲ್ಲೆಡೆ ಬಳಕೆಗೆ ಬಂದವು. ವಿಧಿಯ ವಿಲಾಸವೆಂಬಂತೆ 2005ರ ಕೊನೆಯಲ್ಲಿ, 97ರ ವಯಸ್ಸಿನಲ್ಲಿ, ಡಿಬೇಕಿಗೇ ಮಹಾಪಧಮನಿಯ ಗೋಡೆ ಸೀಳಿತು. ಶಿಷ್ಯರು ಕೃತಕ ಬಟ್ಟೆಯ ನಾಳವನ್ನೇ ಇಟ್ಟು ಹೊಲಿದು ಉಳಿಸಿದರು. ಆತ ಮತ್ತೆ ಎರಡು ವರ್ಷ ಬದುಕಿದ.

ಸಣ್ಣ ಆಸ್ಪತ್ರೆಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಇವುಗಳಲ್ಲೆಲ್ಲ ಅತಿ ಅಗ್ಗದ ಸಲಕರಣೆ. ಹೃದಯದಲ್ಲಿ ಕಟ್ಟಿದ ಹೆಪ್ಪು ಕಳಚಿ ಬಂದು ಕಾಲಿನ ನಾಳಕ್ಕೆ ಸಿಕ್ಕಿಕೊಂಡರೆ, ಮೊದಲು ಕಾಲನ್ನು ಉದ್ದಕ್ಕೂ ಸೀಳಿ ಹುಡುಕಬೇಕಾಗಿತ್ತು. ಅಮೆರಿಕದ ಥಾಮಸ್ ಫೊಗಾರ್ಟಿ ಎಂಬ ತರುಣ, ಶಸ್ತ್ರವೈದ್ಯರ ರಬ್ಬರ್ ಕೈಗವಸಿನ ಬೆರಳತುದಿಯನ್ನು ಕತ್ತರಿಸಿ, ಮೀನು ಹಿಡಿಯುವವರು ಗಾಳಕ್ಕೆ ಹಾಕುವ ಗಂಟಿನಿಂದ ಸಪೂರ ನಳಿಗೆಯ ತುದಿಗೆ ಬಿಗಿದ. ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ, ನಳಿಗೆಯನ್ನು ಹೆಪ್ಪಿನ ಆಚೆಗೆ ತೂರಿಸಿ, ಬಲೂನು ಉಬ್ಬಿಸಿ ಹಿಂದಕ್ಕೆ ಎಳೆದರೆ ಹೆಪ್ಪೂ ಜೊತೆಯಲ್ಲೇ ಹೊರಬರುತ್ತದೆ. 1963ರಲ್ಲಿ ಪ್ರಕಟವಾದ ಈ ಉಪಾಯವನ್ನು ಸಾಮಾನ್ಯ ಶಸ್ತ್ರವೈದ್ಯನೂ ಕಲಿಯಬಲ್ಲ. ರೋಗಿಗೆ ಪೂರ್ತಿ ಅರಿವಳಿಕೆಯೂ ಅನೇಕ ವೇಳೆ ಬೇಕಿಲ್ಲ.

1964ರ ಜನವರಿಯಲ್ಲಿ ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ತಜ್ಞ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಾಲು ತೆಗೆಸಲು ಒಪ್ಪದ 82 ವರ್ಷದ ಅಜ್ಜಿಯ ಕಿರಿದಾದ ನಾಳವನ್ನು ಕೊಯ್ಯದೆಯೇ, ಒಳಗಿನಿಂದ ನಳಿಗೆ ತೂರಿಸಿ ಅಗಲ ಮಾಡಿದ. ತಣ್ಣಗಾಗಿದ್ದ ಪಾದ ಬೆಚ್ಚಗಾಯಿತು. ಅಜ್ಜಿ ಸಾಯುವವರೆಗೂ ತನ್ನ ಕಾಲ ಮೇಲೆಯೇ ನಡೆದಳು. ಬಲೂನು, ಸ್ಟೆಂಟುಗಳ ಇಂದಿನ ಯುಗಕ್ಕೆ ಅದೇ ನಾಂದಿ. 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿ, ಉಬ್ಬಿದ ಮಹಾಪಧಮನಿಯೊಳಗೆ ಮಡಚಿದ ಬಟ್ಟೆಯ ಕೊಳವೆಯನ್ನು ತೊಡೆಸಂದಿಯ ಮೂಲಕವೇ ಸಾಗಿಸಿ ಬಿಡಿಸಿದ.

ಹತ್ತಿರದ ಆಸ್ಪತ್ರೆ

ನಮ್ಮಲ್ಲಿ ಈ ಕಥೆಗೆ ಎರಡು ಮುಖಗಳಿವೆ. ಒಂದು, ಬೀಡಿ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರವಾಗಿ ವರ್ಣಿಸಿದ, ಅವನ ಹೆಸರಿನಿಂದಲೇ ಕರೆಯಲಾಗುವ ರೋಗ ತಂಬಾಕು ಸೇದುವ ತರುಣರನ್ನೇ ಹಿಡಿಯುತ್ತದೆ. ಇಪ್ಪತ್ತು, ನಲವತ್ತೈದರ ನಡುವಿನ, ದುಡಿಯುವ ವಯಸ್ಸಿನ ಗಂಡಸರ ಬೆರಳುಗಳು ಒಂದೊಂದಾಗಿ ಕಪ್ಪಾಗುತ್ತವೆ. ಇಲ್ಲಿ ಕೆಡುವುದು ಪಾದದ ಸಣ್ಣ ನಾಳಗಳಾದ್ದರಿಂದ ಬೈಪಾಸ್ ಹೊಲಿಯಲು ಕೆಳಗೆ ಒಳ್ಳೆಯ ನಾಳವೇ ಸಿಗುವುದಿಲ್ಲ. ನಾಳ ಹಿಗ್ಗಲೆಂದು ಸೊಂಟದ ಬಳಿಯ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಭಾರತದ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಅದರಿಂದ ನೋವು ತಗ್ಗಬಹುದು, ಹುಣ್ಣು ಮಾಯಬಹುದು. ಆದರೆ ಬೀಡಿ ಪೂರ್ತಿ ಬಿಟ್ಟವನ ಕಾಲು ಸಾಮಾನ್ಯವಾಗಿ ಉಳಿಯುತ್ತದೆ, ಬಿಡದವನದು ಉಳಿಯುವುದು ಕಷ್ಟ. ಇದಕ್ಕಿಂತ ದೊಡ್ಡ ಔಷಧಿ ಈ ರೋಗಕ್ಕೆ ಇಲ್ಲ.

ಇನ್ನೊಂದು, ಸಕ್ಕರೆ ಕಾಯಿಲೆ. ಅದು ನಾಳವನ್ನು ಕಿರಿದಾಗಿಸುವುದರ ಜೊತೆಗೆ ಪಾದದ ಸ್ಪರ್ಶಜ್ಞಾನವನ್ನೂ ಕದಿಯುತ್ತದೆ. ಮುಳ್ಳು ಚುಚ್ಚಿದ್ದೂ ಚಪ್ಪಲಿ ಕಚ್ಚಿದ್ದೂ ತಿಳಿಯುವುದಿಲ್ಲ.

ಕಾಲು ಮುಂಚಿತವಾಗಿ ಎಚ್ಚರಿಸುವುದುಂಟು. 1831ರಲ್ಲಿ ಪ್ಯಾರಿಸ್ಸಿನ ಪಶುವೈದ್ಯನೊಬ್ಬ ಗಾಡಿ ಎಳೆಯುವ ಕುದುರೆಯೊಂದು ಸ್ವಲ್ಪ ದೂರ ಓಡಿದ ಮೇಲೆ ಕುಂಟಿ ನಿಲ್ಲುವುದನ್ನೂ, ವಿಶ್ರಾಂತಿ ಸಿಕ್ಕಿದರೆ ಸರಿಹೋಗುವುದನ್ನೂ ಬರೆದಿಟ್ಟ. ಮನುಷ್ಯರಲ್ಲೂ ಹಾಗೆಯೇ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಇದನ್ನು ವಾಯು ಎಂದೋ ವಯಸ್ಸಾಯಿತೆಂದೋ ಎಣ್ಣೆ ತಿಕ್ಕಿ ಮರೆಯುವವರೇ ಹೆಚ್ಚು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸಿ ನೋಡಿದರೆ ರೋಗ ಗೊತ್ತಾಗುತ್ತದೆ. ಕಾಲಿನದು ತೋಳಿನದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಮೆಯಿದ್ದರೆ ನಾಳ ಕಿರಿದಾಗಿದೆ ಎಂದರ್ಥ. ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಅಂಗೈಯಲ್ಲಿ ಹಿಡಿಯುವ ಡಾಪ್ಲರ್ ಸಾಕು.

ಕಾಲು ಒಮ್ಮೆಲೇ ನೋಯತೊಡಗಿ, ಬಿಳಚಿಕೊಂಡು, ತಣ್ಣಗಾಗಿ, ಜೋಮು ಹಿಡಿದು, ಪಾದದ ನಾಡಿ ಸಿಗದಾದರೆ ಅದು ಬೇರೆಯೇ ಮಾತು. ಆಗ ಗಡಿಯಾರ ಓಡತೊಡಗಿರುತ್ತದೆ. ಬಿಸಿನೀರಿನ ಶಾಖ ಕೊಡುತ್ತ, ಬೆಳಗಾಗಲೆಂದು ಕಾಯುತ್ತ ಕೂತರೆ ಆ ಆರು ಗಂಟೆ ಮನೆಯಲ್ಲೇ ಮುಗಿದಿರುತ್ತದೆ. ರಕ್ತನಾಳದ ತಜ್ಞರು ಇಂದಿಗೂ ಬಹುತೇಕ ದೊಡ್ಡ ನಗರಗಳಲ್ಲಿಯೇ ಇದ್ದಾರೆ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಎಂದು ಚೀಟಿ ಬರೆದು ಕಳಿಸುತ್ತ ಹೋದರೆ ರೋಗಿ ತಜ್ಞರನ್ನು ತಲುಪುತ್ತಾನೆ, ಆದರೆ ಕಾಲು ತಲುಪುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹೆಪಾರಿನ್ ಚುಚ್ಚುಮದ್ದು ಕೊಟ್ಟರೆ ಹೆಪ್ಪು ಬೆಳೆಯುವುದು ನಿಲ್ಲುತ್ತದೆ. ಫೊಗಾರ್ಟಿಯ ನಳಿಗೆ ಬಳಸಲು ಬಲ್ಲ ಒಬ್ಬ ಶಸ್ತ್ರವೈದ್ಯನಿದ್ದರೆ ಅನೇಕರ ಕಾಲು ಅಲ್ಲೇ ಉಳಿಯುತ್ತದೆ. ಅಪಘಾತದಲ್ಲಿ ನಾಳ ಹರಿದಿದ್ದರೆ, ಎರಡು ತುದಿಗಳ ನಡುವೆ ತಾತ್ಕಾಲಿಕವಾಗಿ ಸಣ್ಣ ಪ್ಲಾಸ್ಟಿಕ್ ನಳಿಗೆ ಸೇರಿಸಿ ರಕ್ತ ಹರಿಯುವಂತೆ ಮಾಡಿ ಮುಂದಕ್ಕೆ ಕಳಿಸಬಹುದು. ಇವು ಯಾವುವೂ ನೊಬೆಲ್ ಪ್ರಶಸ್ತಿಯ ಕೆಲಸಗಳಲ್ಲ. ಆದರೆ ಆ ಪ್ರಶಸ್ತಿಯ ವಿದ್ಯೆ ಸಾರ್ಥಕವಾಗುವುದು ಇಂಥ ಕೆಲಸಗಳಿಂದಲೇ.

ಲಿಯೋನಿನ ಕಸೂತಿಗಾರ್ತಿ ಕಲಿಸಿದ ಹೊಲಿಗೆ ಕೊರಿಯಾದ ಡೇರೆಗಳನ್ನು ಮುಟ್ಟಲು ಐವತ್ತು ವರ್ಷ ಬೇಕಾಯಿತು. ಅದು ರೋಗಿಯ ಊರಿನ ಹತ್ತಿರದ ಆಸ್ಪತ್ರೆಯನ್ನು ಮುಟ್ಟಿದಾಗಲಷ್ಟೇ ಆ ಪಯಣ ಮುಗಿಯುತ್ತದೆ. ಕಾಲು ತಣ್ಣಗಾದವನಿಗೆ ಬೇಕಾದದ್ದು ಜಗತ್ತಿನ ಅತಿ ನಿಪುಣ ಕೈ ಅಲ್ಲ, ಆರು ಗಂಟೆಯೊಳಗೆ ಸಿಗುವ ಒಂದು ಕಲಿತ ಕೈ.